ತಂಪು ಹುಡುಕಿದ ಟಿಟ್ಟಿಭ

ವರದಾಚಾರ್ ಬೇಕರಿ ಮುಚ್ಚಿ ಐದು ವರ್ಷವಾಗಿತ್ತು. ಅಂದಿನಿಂದ ಅವರು ಕಂಡುಹಿಡಿದದ್ದನ್ನೆಲ್ಲ ಮೊದಲು ಅನುಭವಿಸುವ ಯೋಗ ಪಕ್ಕದ ಮನೆಯ ಪುಟ್ಟಮಾದಯ್ಯ ಮೇಷ್ಟ್ರದು. ಈ ಸಲ ತಂದದ್ದು ಮೇಷ್ಟ್ರು ಕಟ್ಟಿ, ಟಿಟ್ಟಿಭ ಹಕ್ಕಿಯ ಹೆಸರಿಟ್ಟಿದ್ದ ಪುಟಾಣಿ ವಿಮಾನಕ್ಕೆ ಒಂದು ಎಂಜಿನ್ ಮುಚ್ಚಳ.

"ಇದು ಬುದ್ಧಿ ಇರೋ ಮುಚ್ಚಳ ಮೇಷ್ಟ್ರೇ! ಎಂಜಿನ್ ಕಾದ್ರೆ ತಂಪೆಲ್ಲಿದೆ ಅಂತ ತಾನೇ ಮೂಸಿ, ವಿಮಾನನ ಆ ಕಡೆ ತಿರುಗಿಸ್ತದೆ."

ಅದನ್ನು ವಿಮಾನಕ್ಕೆ ತೊಡಿಸಿ, ಒಳಗೆ ಕಾದ ಚಮಚ ಇಟ್ಟು ತೋರಿಸಿದರು. ವಿಮಾನದ ಬಾಲ ಕಿರಗುಟ್ಟಿ, ಮೂತಿ ನೀರಿನ ಮಡಕೆಯತ್ತ ಹೊರಳಿತು.

ಮೇಷ್ಟ್ರಿಗೆ ಬೆರಗಾಗುವಷ್ಟೂ ತ್ರಾಣವಿರಲಿಲ್ಲ. ಹಿಂದಿನ ಎರಡು ವಿಮಾನಗಳೂ ಚೆಂದದ ಮುಚ್ಚಳದೊಳಗೆ ಎಂಜಿನ್ ಬೆಂದೇ ನೆಲ ಕಚ್ಚಿದ್ದವು. ಚಿತ್ರಕಲೆ ಕಲಿಸಿದ ಕೈ ಈಗ ನಡುಗುತ್ತದೆ. ಮೊಳದುದ್ದ ರೆಕ್ಕೆಯ ಈ ಟಿಟ್ಟಿಭವೂ ಹೋದರೆ ಇನ್ನೊಂದು ಕಟ್ಟಲಾಗದು, ಆ ಭಯ ಅವರನ್ನು ಒಳಗೇ ತಿನ್ನುತ್ತಿತ್ತು. ಮುಂದೆ ಹೊಕ್ಕ ಗಾಳಿ ಹಿಂದೆ ಸರಾಗವಾಗಿ ಹೊರಡಬೇಕು, ಹಿಂದಿನ ಕಿಂಡಿ ಮುಂದಿನದರ ಎರಡರಷ್ಟಿರಬೇಕು ಎಂದು ಮೂರು ಸಲ ಹೇಳಿದರು. ವರದಾಚಾರ್ ಮೂರು ಸಲವೂ ತಲೆಯಾಡಿಸಿದರು.

ಒಣಗಿದ ಕೆರೆಯಂಗಳದಲ್ಲಿ ಟಿಟ್ಟಿಭ ಎರಡು ಸುತ್ತು ಸೊಗಸಾಗಿ ಹಾರಿತು. ಮೂರನೆಯದಕ್ಕೆ ಎಂಜಿನ್ ಕೆಮ್ಮಿತು, ಮೇಷ್ಟ್ರ ಕೈಯಲ್ಲಿದ್ದ ರಿಮೋಟ್ ಸತ್ತಂತಾಯಿತು. ವಿಮಾನ ಮಜ್ಜಿಗೆ ಮಾರುವವಳ ಕೊಡೆಯಡಿ ನುಗ್ಗಿ ಹೊರಬಂತು. ನಲ್ಲಿ ಬಳಿಯ ಕೆಸರಲ್ಲಿ ಮಲಗಿದ್ದ ಎಮ್ಮೆಗೆ ಪ್ರದಕ್ಷಿಣೆ ಹಾಕಿತು. ಕ್ಷೌರದಂಗಡಿಯ ಕೂಲರ್ ಮುಂದೆ ತೂಗಾಡಿತು, ಅರ್ಧ ಮೀಸೆಯ ಗಿರಾಕಿ ಎದ್ದು ಓಡಿದ. ಕೊನೆಗೆ ಮೇಷ್ಟ್ರ ಬೀದಿಗೇ ತಿರುಗಿತು. ಓಡಲು ಕಾಲು ಬಾರದೆ ಇಬ್ಬರೂ ಹಿಂದೆ ನಡೆದರು.

ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಸಾಕಮ್ಮ ಮೊಸರಿನ ಪಾತ್ರೆ ಹಿಡಿದು ನಿಂತಿದ್ದರು. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ಒಳಗೆ, ಮೊಸರಿಡುವ ಜಾಗದಲ್ಲಿ, ಟಿಟ್ಟಿಭ ಹೊಗೆಯಾಡುತ್ತ ಕೂತಿತ್ತು. ಮೇಷ್ಟ್ರು ರೆಕ್ಕೆ ಸವರಿದರು. ಒಂದು ಕಡ್ಡಿಯೂ ಮುರಿದಿರಲಿಲ್ಲ. ಅವರಿಗೆ ಅಳು ಬಂತು. ಆಮೇಲೆ ಹಿಂದಿನ ಕಿಂಡಿ ಕಾಣಿಸಿತು, ಅಳು ನಿಂತಿತು.

"ಇದಕ್ಕೇನು ಮೆತ್ತಿದ್ರಿ?"

"ಮೈದಾ ಹಿಟ್ಟು. ಅಷ್ಟು ಬಿಸಿ ಸುಮ್ಮನೆ ಪೋಲಾಗ್ತಿತ್ತಲ್ಲ."

ಮೂವತ್ತು ವರ್ಷ ಒಲೆಬಾಗಿಲ ಸಂದಿಗೆ ಹಿಟ್ಟು ಮೆತ್ತಿದ ಕೈ ಅದು. ವರದಾಚಾರ್ ಆ ಹೊಂಬಣ್ಣದ ಚಕ್ಕೆಯನ್ನು ಉಗುರಿನಿಂದ ತಟ್ಟಿ, ಹದವಾಗಿ ಬೆಂದಿದೆ ಎಂದರು.

ಮೇಷ್ಟ್ರು ವಿಮಾನವನ್ನು ಹೊರಗೆ ತೆಗೆದರು. ಅಡುಗೆಮನೆಯ ಸೆಕೆ ತಾಗಿದ್ದೇ ತಡ, ಅದು ಕೈಯಿಂದ ಜಾರಿ ಮತ್ತೆ ಒಳಹೊಕ್ಕು ಕೂತಿತು. ನಾಲ್ಕು ಸಲ ಹೀಗಾದ ಮೇಲೆ ಅವರು ಸ್ಟೂಲಿನ ಮೇಲೆ ಕುಸಿದು, ಇರಲಿ ಬಿಡು, ಮುರಿಯದೆ ಇದ್ದರೆ ಸಾಕು ಎಂದರು.

ಸಾಕಮ್ಮ ಬಿಸಿಯಾಗುತ್ತಿದ್ದ ಮೊಸರನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿ, ವಿಮಾನದತ್ತ ಬೆರಳು ತೋರಿಸಿದರು.

"ಇದು ಎಷ್ಟು ದಿನ ಕೆಡದೆ ಇರ್ತದೆ?"