ಗೋಡೆಯ ಮೇಲಿನ ಪೆನ್ಸಿಲ್ ಗುರುತುಗಳನ್ನು ರದ್ದುಪಡಿಸಿರುವ ಬಗ್ಗೆ

ಕಡತ ಶಾಖೆ, ಎರಡನೇ ಮಹಡಿ
(ಲಿಫ್ಟ್ ದುರಸ್ತಿಯಲ್ಲಿದೆ, ಸಿಬ್ಬಂದಿಯ ಮಂಡಿಗಳೂ)

ಸುತ್ತೋಲೆ ಸಂಖ್ಯೆ: ಕಶಾ/ಕೀಲು/ಭುಜ-ಬಲ/03
ದಿನಾಂಕ: ನೋವು ಆರಂಭವಾದ ಹನ್ನೊಂದನೇ ವಾರ, ಗುರುವಾರ

ವಿಷಯ: ಸಿಬ್ಬಂದಿಯ ಕತ್ತು, ಸೊಂಟ, ಮಂಡಿ ಮತ್ತು ವಿಶೇಷವಾಗಿ ಅಧೀಕ್ಷಕರ ಬಲ ಭುಜದ ವ್ಯಾಯಾಮಗಳನ್ನು ಕಡತದಲ್ಲಿ ಮಾಡದೆ ಮೈಯಲ್ಲಿ ಮಾಡುವ ಕುರಿತು.

ಉಲ್ಲೇಖ: 1) ಫಿಸಿಯೋಥೆರಪಿಸ್ಟ್ ನೀಡಿದ ಒಂದು ಹಾಳೆ.
2) ಅಧೀಕ್ಷಕರ ಮನೆಯವರು ದಿನಕ್ಕೆರಡು ಬಾರಿ ನೀಡುತ್ತಿರುವ ಮೌಖಿಕ ಜ್ಞಾಪನಗಳು.
3) ಅಧೀಕ್ಷಕರ ಮೊಮ್ಮಗಳು (ವಯಸ್ಸು ಐದು) ಕಳೆದ ಸೋಮವಾರ ಎಲ್ಲರೆದುರು ಎತ್ತಿದ ಆಕ್ಷೇಪಣೆ.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಈ ಶಾಖೆಯ ಅಧೀಕ್ಷಕರ ಬಲ ಭುಜ ಬಿಗಿದುಕೊಂಡು, ಕೈ ಎದೆಮಟ್ಟಕ್ಕಿಂತ ಮೇಲೆ ಏಳದಂತಾಗಿರುತ್ತದೆ. ಈ ಸುತ್ತೋಲೆ ಬರೆಯುತ್ತಿರುವವರೂ ಅವರೇ. ತಮ್ಮನ್ನು ತಾವು ‘ಅವರು’ ಎಂದು ಬರೆದುಕೊಳ್ಳುವುದು ಮೂವತ್ತು ವರ್ಷದ ಸೇವೆಯಲ್ಲಿ ಬಂದ ಚಾಳಿ. ಇದಕ್ಕೆ ಯಾವ ವ್ಯಾಯಾಮವೂ ಇಲ್ಲವೆಂದು ತಿಳಿದುಬಂದಿದೆ. ಅವರ ಅನುಭವದ ಬೆಳಕಿನಲ್ಲಿ ಸಿಬ್ಬಂದಿ ವರ್ಗಕ್ಕೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕತ್ತು: ಅರ್ಧ ಗಂಟೆಗೊಮ್ಮೆ ಕಂಪ್ಯೂಟರಿನಿಂದ ಮುಖವೆತ್ತಿ, ಎಡಕ್ಕೂ ಬಲಕ್ಕೂ ನಿಧಾನವಾಗಿ ಕತ್ತು ತಿರುಗಿಸತಕ್ಕದ್ದು. ತಿರುಗಿದ ಕಡೆ ಸಹೋದ್ಯೋಗಿಯ ಊಟದ ಡಬ್ಬಿ ಕಂಡಲ್ಲಿ ಕತ್ತನ್ನು ಅಲ್ಲೇ ನಿಲ್ಲಿಸತಕ್ಕದ್ದಲ್ಲ. ಮೇಲಧಿಕಾರಿಗಳ ಮಾತಿಗೆ ತಲೆಯಾಡಿಸುವುದನ್ನು ವ್ಯಾಯಾಮವೆಂದು ಪರಿಗಣಿಸಲಾಗುವುದಿಲ್ಲ. ಅದರಲ್ಲಿ ಕತ್ತು ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಅಡ್ಡಡ್ಡ ಹೋದ ನಿದರ್ಶನವಿಲ್ಲ.

2. ಸೊಂಟ: ನೆಲದ ಮೇಲಿನ ಕಡತದ ಕಟ್ಟನ್ನು ಎತ್ತುವಾಗ ಸೊಂಟ ಬಗ್ಗಿಸದೆ, ಮಂಡಿ ಮಡಿಸಿ, ಕಟ್ಟನ್ನು ಎದೆಗವಚಿಕೊಂಡು ಏಳತಕ್ಕದ್ದು. ಮಂಡಿ ಮಡಿಸಲಾಗದವರು, ಸೊಂಟ ಮತ್ತು ಮಂಡಿ ಎರಡೂ ಸರಿ ಇರುವವರನ್ನು ಲಿಖಿತವಾಗಿ ಕೋರತಕ್ಕದ್ದು. ಅಂಥವರು ಈ ಶಾಖೆಯಲ್ಲಿ ಯಾರೂ ಇಲ್ಲದ ಕಾರಣ ಕಟ್ಟುಗಳು ಮುಂದಿನ ಆದೇಶದವರೆಗೆ ನೆಲದಲ್ಲೇ ಇರತಕ್ಕದ್ದು.

3. ಮಂಡಿ: ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸಿ ಇಳಿಸತಕ್ಕದ್ದು. ಎಣಿಕೆಯನ್ನು ಮನಸ್ಸಿನಲ್ಲೇ ಮಾಡತಕ್ಕದ್ದು. ಟಪಾಲು ಗುಮಾಸ್ತರು ಗಟ್ಟಿಯಾಗಿ ಎಣಿಸಿದ್ದರಿಂದ, ತಮ್ಮ ಟೋಕನ್ ಕರೆದರೆಂದು ಕಳೆದ ವಾರ ಏಳು ಮಂದಿ ಸಾರ್ವಜನಿಕರು ಕೌಂಟರಿಗೆ ಎದ್ದು ಬಂದಿರುತ್ತಾರೆ.

4. ಶಾಖ: ಹೊಸದಾಗಿ ಉಳುಕಿದ ಜಾಗಕ್ಕೆ ತಣ್ಣನೆಯ ಪಟ್ಟಿ, ಹಳೆಯ ಬಿಗಿತಕ್ಕೆ ಬಿಸಿ ಶಾಖ. ಸೇವಾ ಹಿರಿತನದ ಆಧಾರದ ಮೇಲೆ ಹಿರಿಯರಿಗೆಲ್ಲ ಬಿಸಿ, ಕಿರಿಯರಿಗೆಲ್ಲ ತಂಪು ಎಂಬ ಹಿಂದಿನ ಸುತ್ತೋಲೆಯನ್ನು (ಅದೂ ಅಧೀಕ್ಷಕರದೇ) ನಾಚಿಕೆಯಿಂದ ಹಿಂಪಡೆಯಲಾಗಿದೆ.

5. ಭುಜ: ಗೋಡೆಗೆ ಮುಖಮಾಡಿ ನಿಂತು, ನೋವಿರುವ ಕೈಯ ಎರಡು ಬೆರಳನ್ನು ಇರುವೆಯಂತೆ ಗೋಡೆ ಹತ್ತಿಸಿ, ಬೆರಳು ನಿಂತಲ್ಲಿ ಪೆನ್ಸಿಲ್ ಗುರುತು ಹಾಕುವುದು, ದಿನಕ್ಕೆ ಹತ್ತು ಸಲ. “ಆರು ವಾರ ತಪ್ಪಿಸ್ಬೇಡಿ ಸಾರ್. ತಪ್ಪಿಸಿದ್ರೆ ಸರಿ ಮಾಡೋದು ತುಂಬಾ ಕಷ್ಟ ಆಗುತ್ತೆ” ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರು. ಅಧೀಕ್ಷಕರು ಆ ಹಾಳೆಗೆ ಸ್ವೀಕೃತಿ ಮೊಹರು ಒತ್ತಿ, ಕಡತ ತೆರೆದು, ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ಗುರುತು ಹಾಕಲು ಆರಂಭಿಸಿದರು. ಮೊದಲ ದಿನ ಬಲಗೈ ಹತ್ತಿಸಿದಾಗ ಪ್ರಾಣ ಹೋದಂತಾಯಿತು. ಎರಡನೇ ದಿನದಿಂದ ಎಡಗೈ ಹತ್ತಿಸಲಾಯಿತು.

6. ಹೀಗೆ ಮಾಡಿದ್ದರಿಂದ ಪ್ರಗತಿ ತೃಪ್ತಿಕರವಾಗಿತ್ತು. ಐದನೇ ವಾರಕ್ಕೆ ಗುರುತು ಗೋಡೆ ಗಡಿಯಾರವನ್ನು ದಾಟಿತು. ಪ್ರತಿ ಗುರುತಿನ ಪಕ್ಕದಲ್ಲಿ ದಿನಾಂಕ ಮತ್ತು ಕಿರುಸಹಿ ಇತ್ತು. ಬೆರಳಚ್ಚುಗಾರ್ತಿ ಬಿಸ್ಕತ್ತು ಹಂಚಿದರು. ಎರಡು ತಿನ್ನಲಾಯಿತು, ಎರಡೂ ಎಡಗೈಯಿಂದ. ಮನೆಯಲ್ಲಿ ಮಾತ್ರ ಅಂಗಿ ತೊಡಿಸಲು ಮನೆಯವರೇ ಬರಬೇಕಿತ್ತು. “ಕೈ ಗೋಡೆ ಗಡಿಯಾರ ದಾಟಿದೆಯಂತೆ, ಈ ತೋಳಿಗೆ ಯಾಕೆ ತೂರ್ತಿಲ್ಲ?” ಎಂಬ ಅವರ ಪ್ರಶ್ನೆಗೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಉತ್ತರಿಸಲಾಗಿರುತ್ತದೆ.

7. ಇದರಿಂದ ನಷ್ಟವಾದದ್ದು ಒಬ್ಬಳಿಗೆ. ಪ್ರತಿ ಸಂಜೆ ಮೊಮ್ಮಗಳನ್ನು ಪಾರ್ಕಿನಿಂದ ಕರೆತಂದು, ಬಾಗಿಲ ಮುಂದೆ ಎತ್ತಿ, ಅವಳ ಕೈಯಿಂದಲೇ ಬೆಲ್ ಒತ್ತಿಸುವುದು ಅಧೀಕ್ಷಕರ ಕೆಲಸವಾಗಿತ್ತು. ಹತ್ತು ವಾರ ಅವಳಿಗೆ ‘ನಾಳೆ ಎತ್ಕೋತೀನಿ ಪುಟ್ಟಿ’ ಎಂದೇ ಹೇಳಲಾಯಿತು. ಇತ್ತೀಚೆಗೆ ಅವಳು ಕೇಳುವುದನ್ನೇ ಬಿಟ್ಟು ಬಾಗಿಲನ್ನು ಬೂಟಿನಿಂದ ಒದೆಯುತ್ತಿದ್ದಳು. ಒದೆತದ ಸದ್ದಿಗಿಂತ, ಅವಳು ಕೇಳದೇ ಹೋದದ್ದು ಅಧೀಕ್ಷಕರನ್ನು ಹೆಚ್ಚು ನೋಯಿಸಿತು. ಈ ನೋವಿಗೆ ಬಿಸಿ ಶಾಖವೂ ತಾಗಲಿಲ್ಲ, ತಣ್ಣನೆಯ ಪಟ್ಟಿಯೂ.

8. ಕಳೆದ ಸೋಮವಾರ ಶಾಲೆಗೆ ರಜೆಯಿದ್ದ ಕಾರಣ ಸದರಿ ಮೊಮ್ಮಗಳನ್ನು ಕಚೇರಿಗೆ ಕರೆತರಲಾಗಿತ್ತು. ಹನ್ನೊಂದು ಗಂಟೆಗೆ ಅಧೀಕ್ಷಕರು ಬಲಗೈಯನ್ನು ಜೇಬಿನಲ್ಲಿ ಆರಾಮವಾಗಿ ಮಲಗಿಸಿ, ಎಡಗೈಯನ್ನು ಗೋಡೆ ಹತ್ತಿಸುತ್ತಿರುವಾಗ ಅವಳು, “ತಾತಾ, ನೋವಿರೋದು ಆ ಕೈ ಅಲ್ವಾ? ಇದನ್ನ್ಯಾಕೆ ಹತ್ತಿಸ್ತಿದ್ದೀಯ?” ಎಂದು ಕೇಳಿದಳು. “ಸಾರ್, ಬೇಕಾದ್ರೆ ನಿಮ್ಮ ಪರವಾಗಿ ನಾನು ಹತ್ತಿಸ್ಲಾ?” ಎಂದು ಅಟೆಂಡರ್ ಒಳ್ಳೆಯ ಮನಸ್ಸಿನಿಂದ ಮುಂದೆ ಬಂದರು. ಒಂದು ಕ್ಷಣ ಆ ಪ್ರಸ್ತಾವನೆಯನ್ನೂ ಪರಿಶೀಲಿಸಲಾಯಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

9. ಆದ್ದರಿಂದ ಈ ಮೊದಲಿನ ಗುರುತುಗಳಲ್ಲಿ ಮೊದಲ ದಿನದ್ದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ರದ್ದುಪಡಿಸಿ, ರಬ್ಬರಿನಿಂದ ಒರೆಸಲಾಗಿದೆ. ಎತ್ತರದವುಗಳನ್ನು ಒರೆಸಲು ಎಡಗೈಯನ್ನು ಬಳಸಲಾಗಿದ್ದು, ಅದು ಅದರ ಕೊನೆಯ ಅಧಿಕೃತ ಸೇವೆಯಾಗಿರುತ್ತದೆ. ಇನ್ನು ಮುಂದೆ ನೋವಿರುವ ಅಂಗವೇ ಖುದ್ದಾಗಿ ಹಾಜರಾಗತಕ್ಕದ್ದು. ಗುರುತು ಹಾಕುವ ಅಧಿಕಾರವನ್ನು ಅಧೀಕ್ಷಕರಿಂದ ಹಿಂಪಡೆದು ಮೊಮ್ಮಗಳಿಗೆ ವಹಿಸಲಾಗಿದೆ. ಗೋಡೆಯನ್ನು ಕಚೇರಿಯಿಂದ ಮನೆಯ ಬಾಗಿಲ ಪಕ್ಕಕ್ಕೆ ವರ್ಗಾಯಿಸಲಾಗಿದೆ. ಅವಳು ಹಸಿರು ಬಳಪದಿಂದ ಹಾಕಿದ ನಿನ್ನೆಯ ಗುರುತು ಬೆಲ್‌ಗಿಂತ ನಾಲ್ಕು ಬೆರಳು ಕೆಳಗಿದೆ. ಮೊನ್ನೆಯದು ಐದು ಬೆರಳು.

(ಸಹಿ, ಬಲಗೈಯಿಂದ, ಸೊಟ್ಟಗಿರುವುದಕ್ಕೆ ವಿಷಾದಿಸಲಾಗಿದೆ)
ಅಧೀಕ್ಷಕರು, ಕಡತ ಶಾಖೆ

ಪ್ರತಿಗಳು:
1. ಎಲ್ಲ ಸಿಬ್ಬಂದಿಗೆ, ಕುಳಿತಲ್ಲಿಗೆ ತರಿಸಿಕೊಳ್ಳದೆ ಎದ್ದು ಬಂದು ಪಡೆಯುವುದು.
2. ಫಿಸಿಯೋಥೆರಪಿಸ್ಟ್ ಅವರಿಗೆ, ಕ್ಷಮೆಯೊಂದಿಗೆ.
3. ಎಡಗೈಗೆ, ಸೇವೆಯಿಂದ ಬಿಡುಗಡೆಯ ಮಾಹಿತಿಗಾಗಿ.
4. ಮನೆಯವರಿಗೆ, ಅವರು ಹೇಳಿದ್ದೇ ಸರಿ ಎಂಬ ದೃಢೀಕರಣಕ್ಕಾಗಿ. ಅಂಗಿಯ ತೋಳಿನ ವಿಷಯದಲ್ಲಿ ಇನ್ನು ಕೆಲವು ದಿನ ಸಹಕರಿಸಲು ಕೋರಿದೆ.
5. ಮೊಮ್ಮಗಳಿಗೆ, ಓದಿ ಹೇಳತಕ್ಕದ್ದು. ‘ನಾಳೆ’ ಎಂಬ ಪದವನ್ನು ಈ ಪ್ರತಿಯಿಂದ ತೆಗೆದುಹಾಕಲಾಗಿದೆ. ನಾಲ್ಕು ಬೆರಳು ಬಾಕಿ ಇದೆ, ತಾತ ಹತ್ತುತ್ತಿದ್ದಾರೆ. ಅಲ್ಲಿಯವರೆಗೆ ಒದೆಯಬಹುದು.