ಹೆಬ್ಬೂರು ರಸ್ತೆಯ ಮೂರು ದೆವ್ವಗಳು

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಆಗಾಗ ಏಳುತ್ತದೆ. ಇದೆ ಎನ್ನುವವರು ತಮ್ಮ ಚಿಕ್ಕಪ್ಪ ಕಂಡದ್ದನ್ನು ಹೇಳುತ್ತಾರೆ, ಇಲ್ಲ ಎನ್ನುವವರು ವಿಜ್ಞಾನ ಹೇಳುತ್ತಾರೆ, ನಾನು ಮಾತ್ರ ತಲೆ ತಗ್ಗಿಸಿಕೊಂಡು ಡಬ್ಬಿಯ ಚಿತ್ರಾನ್ನದಲ್ಲಿರುವ ಕಡಲೆಬೀಜಗಳನ್ನು ಆರಿಸಿ ತಿನ್ನುತ್ತಿರುತ್ತೇನೆ. "ನೀವೇನ್ ಹೇಳ್ತೀರಾ ಜಯಾ ಮೇಡಂ?" ಎಂದು ಯಾರಾದರೂ ಕೇಳಿದರೆ "ನಂಗೇನ್ ಗೊತ್ತು ಬಿಡಿ" ಎಂದು ತಪ್ಪಿಸಿಕೊಳ್ಳುತ್ತೇನೆ. ನನಗೆ ಗೊತ್ತಿಲ್ಲದೆ ಏನಿಲ್ಲ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ, ಗೂಳೂರು ದಾಟಿದ ಮೇಲೆ, ಹೆಬ್ಬೂರು ಸಿಗುವುದಕ್ಕೆ ಮುಂಚೆ, ಕೆಲವು ತಿಂಗಳ ಕಾಲ ನಾನೇ ದೆವ್ವವಾಗಿದ್ದೆ. ಐವತ್ತು ದಾಟಿದ, ತಿಂಗಳ ಸಂಬಳದ, ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುವ ಹೆಂಗಸೊಬ್ಬಳು ಹೀಗೆಂದು ಊಟದ ನಡುವೆ ಹೇಳಿಬಿಟ್ಟರೆ ಮಾರನೆಯ ದಿನದಿಂದ ಅವಳ ಪಕ್ಕ ಯಾರೂ ಕೂರುವುದಿಲ್ಲ. ಹಾಗಾಗಿ ಅಲ್ಲಿ ಹೇಳದ್ದನ್ನು ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಸರೋಜಳ ಕಾರು. ಸರೋಜ ನಮ್ಮ ಎದುರು ಮನೆಯವಳು, ರವಿಕೆ ಹೊಲಿಯುತ್ತಾಳೆ. ಅವಳ ಗಂಡನಿಗೆ ಕಣ್ಣು ಮಂಜಾಗಿ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅವರ ಹಳೇ ಕಾರು ಮನೆ ಮುಂದೆ ನಿಂತು ಬೀದಿ ನಾಯಿಗಳಿಗೆ ನೆರಳಾಗಿತ್ತು. "ಮಿಷನ್ನೂ ಕಾಲಲ್ಲೇ ತುಳಿಯೋದು, ಕಾರೂ ಕಾಲಲ್ಲೇ ತುಳಿಯೋದು, ಏನ್ ಮಹಾ" ಎಂದು ಸರೋಜ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸು ಬಂತು, ರಿವರ್ಸು ಬರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆದರೆ ಸ್ಟೇರಿಂಗ್ ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಜನವೂ ದನವೂ ಇಲ್ಲದ, ಹಾರ್ನ್ ಹೊಡೆಯುವವರಿಲ್ಲದ, ಒಳ್ಳೆ ಡಾಂಬರು ಹಾಕಿದ ರಸ್ತೆಯೊಂದು ಬೇಕಾಗಿತ್ತು. ಅಂಥ ರಸ್ತೆ ಈ ಜಿಲ್ಲೆಯಲ್ಲಿದೆ ಎಂದು ನಾನಂತೂ ನಂಬಿರಲಿಲ್ಲ.

ಮೂರನೆಯವಳು ಪ್ರಭಾ. ಹಿಂದಿನ ಬೀದಿಯಲ್ಲಿದ್ದಳು, ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ತವರು ಗುಬ್ಬಿ. ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲೇ ಬಾಳಿದವಳು. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕು ಎಂದು ನಗುತ್ತಿದ್ದಳು. ಹೋದ ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಬೆಂಗಳೂರಿಗೆ ಓಡಾಡಿ ಕೀಮೋ ಆಯಿತು, ಸೊಂಟದ ಕೆಳಗೆ ಬೀಳುತ್ತಿದ್ದ ಜಡೆ ಹೋಯಿತು. ನಾನು ದಿನಾ ಬಸ್ ಸ್ಟಾಪಿನಲ್ಲಿ ಹೂವಿನ ಕೆಂಪಮ್ಮನಿಂದ ಎರಡು ಮೊಳ ಮಲ್ಲಿಗೆ ತಂದು ಒಂದು ಮೊಳ ಪ್ರಭಾಳಿಗೆ ಕೊಡುವ ರೂಢಿ ಇತ್ತು. "ಇನ್ಮೇಲ್ ತರ್ಬೇಡ ಕಣೇ, ಎಲ್ಲಿಗೆ ಸಿಕ್ಕಿಸ್ಕೊಳ್ಲಿ, ಕಿವಿಗಾ?" ಎಂದಳು. ನಾನು ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾವು ಮೂವರೂ ಭಾನುವಾರ ಎಲ್ಲಿಗಾದರೂ ಹೋಗುವುದು ಬಹಳ ವರ್ಷದ ಅಭ್ಯಾಸ. ಎಲ್ಲಿಗಾದರೂ ಎಂದರೆ ಕಾಶಿ ರಾಮೇಶ್ವರವಲ್ಲ. ಗುಬ್ಬಿಗೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು, ಕುಣಿಗಲ್ ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ಸುಲಿಯುವುದು. ಒಮ್ಮೆ ಹುತ್ರಿದುರ್ಗಕ್ಕೂ ಹೋಗಿದ್ದೆವು. ನಾನು ಮೊದಲನೇ ಬಾಗಿಲ ಹತ್ತಿರವೇ ಕೂತುಬಿಟ್ಟದ್ದರಿಂದ ಆ ಕೋಟೆ ಇನ್ನೂ ನಮ್ಮ ವಶವಾಗಿಲ್ಲ. ಪ್ರಭಾಳಿಗೆ ಕಾಯಿಲೆ ಬಂದ ಮೇಲೂ ಈ ತಿರುಗಾಟ ನಿಲ್ಲಬಾರದೆಂದು ಅವಳೇ ಹಟ ಹಿಡಿದಳು. ಆದರೆ ಎಲ್ಲಿ ಹೋದರೂ ಯಾರಾದರೊಬ್ಬರು ಗುರುತಿನವರು ಸಿಗುತ್ತಿದ್ದರು. ಗುಬ್ಬಿಯ ಹೋಟೆಲಿನಲ್ಲಿ ಅವಳ ದೂರದ ಸೋದರತ್ತೆಯೊಬ್ಬರು ಚಟ್ನಿಯ ಕೈಯಲ್ಲೇ ಅವಳ ಗಲ್ಲ ಹಿಡಿದು, "ಅಯ್ಯೋ ನಮ್ಮಪ್ಪಾ, ಹೆಂಗಿದ್ದೋಳು ಹೆಂಗಾಗ್ಬಿಟ್ಟೆ ಪ್ರಭಾ!" ಎಂದು ಹೋಟೆಲಿಗೆ ಹೋಟೆಲೇ ತಿರುಗಿ ನೋಡುವಂತೆ ಅತ್ತರು. ಕುಣಿಗಲ್ ಕೆರೆ ಏರಿಯ ಮೇಲೆ ಸಿಕ್ಕ ನಿವೃತ್ತ ಮೇಷ್ಟ್ರೊಬ್ಬರು ಅಮೃತಬಳ್ಳಿಯ ಕಷಾಯ, ಲಕ್ಷ್ಮಣಫಲ, ಗೋಮೂತ್ರ ಎಲ್ಲವನ್ನೂ ಅಳತೆಯ ಸಮೇತ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, "ನೀವೂ ಒಂದ್ಸಲ ಚೆಕಪ್ ಮಾಡಿಸ್ಕೊಳ್ಳಿ, ಮೈ ಜಾಸ್ತಿ ಇದೆ" ಎಂದರು. ಕಾರಿಗೆ ವಾಪಸು ಬಂದು ಪ್ರಭಾ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾ ಹೇಳಿದಳು: "ಹೆಂಗಿದೀಯ ಅಂತ ಕೇಳ್ದೇ ಇರೋ ಜಾಗ ಒಂದಿದ್ರೆ ಹೇಳ್ರೇ, ಅಲ್ಲಿಗ್ ಹೋಗಣ."

ಅಂಥ ಜಾಗ ಆ ದಿನವೇ ಸಿಕ್ಕಿತು. ಕುಣಿಗಲ್ಲಿನಿಂದ ವಾಪಸು ಬರುವಾಗ ಎದುರಿಗೆ ಬಂದ ಲಾರಿಗೆ ಹೆದರಿ ಸರೋಜ ಕಾರನ್ನು ಎಡಕ್ಕೆ ತಿರುಗಿಸಿದಳು. ತಿರುಗಿಸಿದ್ದು ದೊಡ್ಡದೊಂದು ಕಮಾನಿನ ಒಳಕ್ಕೆ. ಕಮಾನಿನ ಮೇಲೆ ಗಾರೆಯ ಎರಡು ಸಿಂಹ, ಒಂದಕ್ಕೆ ಮುಖವಿಲ್ಲ. ಒಳಗೆ ಅಗಲವಾದ ಡಾಂಬರು ರಸ್ತೆಗಳು, ಎರಡೂ ಬದಿಗೆ ಒಂದೇ ಅಚ್ಚಿನ ಎರಡಂತಸ್ತಿನ ಮನೆಗಳು, ಒಂದರಲ್ಲೂ ಒಂದು ನರಪಿಳ್ಳೆಯಿಲ್ಲ. ಕಟ್ಟಿಸುತ್ತಿದ್ದವರು ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ, ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ ಎಂದು ಆಮೇಲೆ ತಿಳಿಯಿತು. ಕಿಟಕಿ ಬಾಗಿಲುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಗೋಡೆಯಿಂದ ವೈರನ್ನೂ ಎಳೆದುಕೊಂಡಿದ್ದರು. ಕ್ಲಬ್ ಹೌಸಿನ ಈಜುಕೊಳದಲ್ಲಿ ಮಳೆನೀರು ನಿಂತು ಕಪ್ಪೆಗಳು ಮೆಂಬರ್‌ಶಿಪ್ ಪಡೆದಿದ್ದವು. ಮಕ್ಕಳ ಪಾರ್ಕಿನಲ್ಲಿ ಜಾರುಬಂಡೆಯ ಸುತ್ತ ಲಂಟಾನ ಬೆಳೆದಿತ್ತು. ಹಗಲಲ್ಲೂ ಒಬ್ಬರೇ ಕಾಲಿಡಲು ಹಿಂಜರಿಯುವಂಥ ಜಾಗ. ಸರೋಜ ಮಾತ್ರ ರಸ್ತೆಯನ್ನೇ ನೋಡುತ್ತಾ, "ರಿವರ್ಸಿಗೆ ಇದಕ್ಕಿಂತ ಬೇಕಾ?" ಎಂದಳು. ಪ್ರಭಾ ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಗಾಳಿಗೆ ಮುಖ ಒಡ್ಡಿದಳು. ಆಮೇಲೆ ನಮ್ಮ ಭಾನುವಾರದ ಸಂಜೆಗಳೆಲ್ಲ ಅಲ್ಲೇ.

"ಜನ ಮಾಲ್‌ಗೆ ಹೋಗ್ತಾರೆ, ನೀವ್ ನೋಡಿದ್ರೆ ಪಾಳುಮನೆಗೆ ಹೋಗ್ತೀರಲ್ಲೇ" ಎಂದು ನನ್ನ ಯಜಮಾನರು ಗೊಣಗುತ್ತಿದ್ದರು. ಅವರಿಗೇನು ಗೊತ್ತು, ಮೂವರು ಹೆಂಗಸರನ್ನು ಯಾರೂ ಇಲ್ಲದ ಮನೆಗಳ ನಡುವೆ ಬಿಟ್ಟರೆ ಏನಾಗುತ್ತದೆ ಎಂದು. ಮೊದಲು ಅಡುಗೆಮನೆಗಳ ತಪಾಸಣೆ ನಡೆಯಿತು. ಸಿಂಕು ತಗ್ಗಾಯಿತು, ಮಿಕ್ಸಿಗೆ ಪಾಯಿಂಟೇ ಇಲ್ಲ, ದೇವರ ಕೋಣೆಗೆ ಬಚ್ಚಲಿನ ಗೋಡೆ ಅಂಟಿಕೊಂಡಿದೆ, ಇದನ್ನು ಪ್ಲಾನ್ ಮಾಡಿದ ಇಂಜಿನಿಯರು ಒಂದು ದಿನವೂ ಅಡುಗೆ ಮಾಡಿದವನಲ್ಲ ಎಂದು ತೀರ್ಮಾನಿಸಿದೆವು. ಆಮೇಲೆ ತಲೆಗೊಂದು ಮನೆ ಹಂಚಿಕೊಂಡೆವು. ಸರೋಜ ಮೂಲೆ ಮನೆ ಹಿಡಿದಳು, ಕಾರು ತಿರುಗಿಸಲು ಸುಲಭವೆಂದು. ನಾನು ಮೆಟ್ಟಿಲು ಕಡಿಮೆಯಿರುವುದನ್ನು ಹಿಡಿದೆ. ಪ್ರಭಾ ಪೂರ್ವಕ್ಕೆ ಅಡುಗೆಮನೆ ಕಿಟಕಿಯಿರುವ ಮನೆಯನ್ನು ಆರಿಸಿಕೊಂಡು, ನೆಲದ ಮೇಲೆ ಬಿದ್ದಿದ್ದ ಇಟ್ಟಿಗೆ ಚೂರಿನಿಂದ ನಡುಮನೆಯ ಗೋಡೆಗೆ, ಅಲ್ಲೇ ಸಿಕ್ಕ ಒಂದು ಮೊಳೆ ಹೊಡೆದಳು. ತಗುಲಿಹಾಕಲು ಏನೂ ಇರಲಿಲ್ಲ. "ಯಾರನ್ನೂ ಕೇಳ್ದೆ ಹೊಡ್ದೆ ನೋಡು" ಎಂದಳು. ಮುಂದಿನ ವಾರ ಮಾತ್ರೆಯ ಹಳೇ ಡಬ್ಬಿಯಲ್ಲಿ ರಂಗೋಲಿ ಪುಡಿ ತಂದು, "ಹೊಸ್ತಿಲು ಬೋಳಾಗಿದ್ರೆ ನೋಡಕ್ಕಾಗಲ್ಲ ಕಣೇ, ನಮ್ ತಲೆಗಳಲ್ಲಿ ಒಂದ್ ಬೋಳಿದ್ರೆ ಸಾಕು" ಎನ್ನುತ್ತಾ ಬಾಗಿಲಿಲ್ಲದ ಬಾಗಿಲ ಮುಂದೆ ಎಳೆ ತಪ್ಪದ ರಂಗೋಲಿ ಹಾಕಿದಳು. ಪ್ರತಿ ವಾರ ಹೊಸದು. ಸಂಜೆ ಸರೋಜ ಹಿಂದಕ್ಕೆ ಮುಂದಕ್ಕೆ ಕಾರು ಓಡಿಸುತ್ತಾ ಇದ್ದರೆ ನಾವಿಬ್ಬರೂ ಆ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ಕಾಯಿಲೆಯ ಮಾತು ಎತ್ತುವಂತಿರಲಿಲ್ಲ. ನಾನು ಎತ್ತಲಿಲ್ಲ. ಅವಳನ್ನು ಕಳೆದುಕೊಂಡುಬಿಡುತ್ತೇನೆಂಬ ಭಯ ಬಂದಾಗಲೆಲ್ಲ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಹೂವಿನ ಕೆಂಪಮ್ಮ ಮೊಳ ಹಾಕುತ್ತಾ ಸುದ್ದಿ ತೆಗೆದಳು. ಅವಳು ಹೆಬ್ಬೂರಿನ ಕಡೆಯ ಹಳ್ಳಿಯವಳು, ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಾಳೆ. "ಅಮ್ಮಾ, ನಮ್ಮೂರ್ ತಾವ ಆ ಪಾಳುಬಿದ್ದ ಲೇಔಟ್ ಐತಲ್ಲ, ಅಲ್ಲಿಗೆ ಮೋಹಿನಿ ಸೇರ್ಕಂಡವೆ. ಒಂದಲ್ಲ, ಮೂರು!" ಎಂದಳು. ಅವಳ ಗಂಡ ಹೊತ್ತು ಮುಳುಗುವಾಗ ಕುರಿ ಹೊಡೆದುಕೊಂಡು ಬರುತ್ತಾ ಕಣ್ಣಾರೆ ಕಂಡನಂತೆ. "ಒಂದು ಕಾರ್ ಓಡುಸ್ತದಂತೆ. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ. ಮನುಸ್ರು ಯಾರಾನಾ ಹಂಗ್ ಓಡುಸ್ತಾರಾ ನೀವೇ ಹೇಳಿ." ನಾನು ಇಲ್ಲವೆಂದು ತಲೆಯಾಡಿಸಿದೆ. "ಇನ್ನೊಂದು ಇಷ್ಟ್ ದಪ್ಪಕ್ಕೆ ನೀರಿನ್ ಡ್ರಮ್ ಹಂಗೈತಂತೆ, ಎರಡ್ ಹೆಜ್ಜೆ ಇಟ್ರೆ ಏದುಸಿರು ಬುಡ್ತದಂತೆ." ನಾನು ಹೊಟ್ಟೆ ಒಳಕ್ಕೆ ಎಳೆದುಕೊಂಡೆ. ಕೆಂಪಮ್ಮ ದನಿ ತಗ್ಗಿಸಿದಳು. "ಇನ್ನೊಂದಕ್ಕೆ ತಲೇಲಿ ಒಂದು ಕೂದ್ಲಿಲ್ಲ ಕಣಮ್ಮ. ದಿನಾ ರಂಗೋಲಿ ಬುಡ್ತದಂತೆ. ಅದ್ಕೇ ಭಾಳ ಹೆದರ್ಕಂಡವ್ರೆ ಎಲ್ಲಾ."

ಇದನ್ನು ಪ್ರಭಾಳಿಗೆ ಹೇಳುವುದೋ ಬೇಡವೋ ಎಂದು ಆ ವಾರವೆಲ್ಲ ಒದ್ದಾಡಿದೆ. ಕಾರಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಪ್ರಭಾ ನಗಲು ಶುರುಮಾಡಿದವಳು ಪಕ್ಕೆ ಹಿಡಿದುಕೊಂಡು ನಕ್ಕಳು, ಕೆಮ್ಮು ಬಂದು ನಿಲ್ಲಿಸಿ ಮತ್ತೆ ನಕ್ಕಳು. "ಕೂದ್ಲು ಬಿಟ್ಕೊಂಡಿರೋ ಮೋಹಿನೀರು ಊರಿಗೊಂದ್ ಇದಾರೆ ಕಣ್ರೇ. ಬೋಳ್ ಮೋಹಿನಿ ಇಡೀ ಜಿಲ್ಲೆಗೆ ನಾನೊಬ್ಳೇ!" ಅವಳು ಹಾಗೆ ನಕ್ಕು ವರ್ಷವಾಗಿತ್ತು. ಅದೇ ಸಂಜೆ ಇಬ್ಬರು ಗಂಡಸರು ಬೈಕಿನಲ್ಲಿ ಬಾಟಲಿ, ಮಿಕ್ಸ್ಚರ್ ತಂದು ಲೇಔಟಿನ ಅವಳ ಮನೆಯ ಅಂಗಳದಲ್ಲೇ ಹರಡಿಕೊಂಡರು. ಪ್ರಭಾ ಮೆಲ್ಲಗೆ ಮಹಡಿ ಹತ್ತಿ, ಕಂಬಿಯಿಲ್ಲದ ಬಾಲ್ಕನಿಯಲ್ಲಿ ಬೋಳು ತಲೆಯಲ್ಲಿ ನಿಂತು, ಕ್ಲಾಸಿನಲ್ಲಿ ಗಲಾಟೆ ಮಾಡುವವರನ್ನು ಕೇಳುವ ದನಿಯಲ್ಲಿ, "ಯಾರದು, ನಮ್ಮನೆ ಅಂಗಳದಲ್ಲಿ?" ಎಂದಳು. ಬೈಕು ಮೊದಲು ಹೋಯಿತೋ ಅವರು ಮೊದಲು ಹೋದರೋ ಹೇಳುವುದು ಕಷ್ಟ. ಬಿಟ್ಟು ಹೋದ ಮಿಕ್ಸ್ಚರನ್ನು, ಡಾಕ್ಟರು ಕರಿದದ್ದು ಮುಟ್ಟಬೇಡಿ ಎಂದಿದ್ದರೂ, ಮೂರು ದೆವ್ವಗಳೂ ಮೆಟ್ಟಿಲ ಮೇಲೆ ಕೂತು ಖಾಲಿ ಮಾಡಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಲೆ ಮತ್ತೆ ತಿರುಗಿತು, ಈ ಸಲ ಬೆನ್ನುಮೂಳೆಗೆ. ಪ್ರಭಾ ಹಾಸಿಗೆ ಹಿಡಿದಳು. ಭಾನುವಾರ ನಾವು ಅವಳ ಮಂಚದ ಪಕ್ಕ ಕೂತರೆ, ಬಂದುಹೋಗುವವರೆಲ್ಲ ಹೇಗಿದ್ದೀಯ ಎಂದು ಕೇಳುವುದನ್ನು ಅವಳು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಎಲ್ಲರೂ ಎದ್ದು ಹೋದ ಮೇಲೆ ಒಂದು ದಿನ ಮೆಲ್ಲಗೆ, "ನಮ್ಮನೆ ಬಾಗ್ಲು ಹಾಕ್ಕೊಂಡ್ ಬಂದಿದ್ವಾ?" ಎಂದಳು. ನನಗೆ ತಕ್ಷಣ ತಿಳಿಯಲಿಲ್ಲ. ಸರೋಜ, "ಅದಕ್ ಬಾಗ್ಲೇ ಇಲ್ವಲ್ಲೇ" ಎಂದಳು. "ಹೌದಲ್ವಾ. ಹಂಗಾದ್ರೆ ಯಾವಾಗ್ ಬೇಕಾದ್ರೂ ಹೋಗ್ಬೋದು ಬಿಡು" ಎಂದು ಪ್ರಭಾ ಮಗ್ಗುಲಾದಳು. ದೀಪಾವಳಿಗೆ ಮುಂಚೆ ಹೋಗಿಬಿಟ್ಟಳು.

ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಸರೋಜ ಕಾರು ತೆಗೆದಳು, ನಾನು ಹತ್ತಿದೆ. ಪ್ರಭಾಳ ಮನೆಯಿಂದ ಕೇಳಿ ತಂದ ರಂಗೋಲಿ ಡಬ್ಬಿ ನನ್ನ ಕೈಯಲ್ಲಿತ್ತು. ಸರೋಜ ಕಮಾನಿನೊಳಗೆ ಒಂದೇ ಸಲಕ್ಕೆ ರಿವರ್ಸ್ ತೆಗೆದು ನಿಲ್ಲಿಸಿದಳು. ಚಪ್ಪಾಳೆ ತಟ್ಟಬೇಕಾದವಳು ಹಿಂದಿನ ಸೀಟಿನಲ್ಲಿರಲಿಲ್ಲ. ನಾನು ಪ್ರಭಾಳ ಹೊಸ್ತಿಲ ಮುಂದೆ ಕಷ್ಟಪಟ್ಟು ಬಗ್ಗಿ ರಂಗೋಲಿ ಬಿಟ್ಟೆ. ಚುಕ್ಕಿಗಳು ಒಂದಕ್ಕೊಂದು ಸಿಗಲಿಲ್ಲ. ಅಳಿಸಿ ಹಾಕಿದೆ, ಮತ್ತೆ ಸಿಗಲಿಲ್ಲ. ಸರೋಜ, "ಸಾಕ್ ಬಿಡು ಜಯಾ, ಅವ್ಳು ನೋಡಿದ್ರೆ ಬೈತಿದ್ಲು" ಎಂದಳು. ಇಬ್ಬರೂ ಅಲ್ಲೇ ಕೂತು ಅತ್ತೆವು. ಯಾರೂ ಬಂದು ಏನಾಯಿತೆಂದು ಕೇಳಲಿಲ್ಲ. ಪ್ರಭಾ ಕೇಳಿದ್ದು ಇಂಥ ಜಾಗವನ್ನೇ. ಕತ್ತಲಾಗುವ ಮುಂಚೆ ಎದ್ದು ಬಂದೆವು. ಮತ್ತೆ ಹೋಗಿಲ್ಲ.

ಎರಡು ದಿನ ಬಿಟ್ಟು ಬಸ್ ಸ್ಟಾಪಿನಲ್ಲಿ ಕೆಂಪಮ್ಮ ನನ್ನನ್ನು ಕಂಡದ್ದೇ ಬುಟ್ಟಿಯಿಂದ ಮುಂದಕ್ಕೆ ಬಾಗಿದಳು. "ಬಂದವೆ ಕಣಮ್ಮ ಮತ್ತೆ! ಇಷ್ಟ್ ದಿನ ಎಲ್ಗೋಗಿದ್ವೋ. ಭಾನ್ವಾರ ನಮ್ಮೆಜಮಾನ್ರು ನೋಡವ್ರೆ, ಮೂರೂ ಮೆಟ್ಲು ಮ್ಯಾಲೆ ಕುಂತಿದ್ವಂತೆ."

"ಮೂರಾ? ಎರಡಲ್ವಾ?" ಎಂದೆ.

"ಎರಡ್ಯಾಕಮ್ಮ, ಮೂರೇಯ. ಆ ಬೋಳ್ ತಲೇದು ಮಧ್ಯ ಕುಂತಿತ್ತಂತೆ. ಈಗ ಅದಕ್ಕೆ ಕೂದ್ಲು ಬೆಳ್ದದಂತೆ ಕಣಮ್ಮ, ಸೊಂಟದ್ ಗಂಟ!"

ಈ ದೆವ್ವಗಳನ್ನು ಹುಟ್ಟಿಸಿದವರು ನಾವು. ಕುರಿ ಕಾಯುವವನ ಕಣ್ಣನ್ನು, ಕೆಂಪಮ್ಮನ ಬಾಯನ್ನು ನಾನು ಬಲ್ಲೆ. ಇದರಲ್ಲಿ ನಂಬುವಂಥದ್ದು ಏನೂ ಇಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೂ ನನ್ನ ಬಾಯಿಂದ ಬಂದದ್ದು, "ಇವತ್ತು ಎರಡು ಮೊಳ ಕೊಡು" ಎಂಬ ಮಾತು. ಕೆಂಪಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಅಳೆದು, ಅಳೆದದ್ದರ ಮೇಲೆ ಒಂದಿಷ್ಟು ಸೇರಿಸಿ ಕತ್ತರಿಸುತ್ತಾ, ಬೇಸರದಿಂದ ಹೇಳಿದಳು: "ಆ ದಪ್ಪನೇದು ಮಾತ್ರ ಒಂಚೂರೂ ಇಳ್ದಿಲ್ವಂತೆ ಕಣಮ್ಮ." ಕಣ್ಣೊರೆಸಿಕೊಳ್ಳಲೆಂದು ಎತ್ತಿದ ಸೆರಗನ್ನು ನಾನು ಹಾಗೇ ಇಳಿಸಿ ಹೊಟ್ಟೆಯ ಮೇಲೆ ಎಳೆದುಕೊಂಡೆ.