ಕಟ್ ಇಲ್ಲದ ಹಾಡು

ಹಳಿಯಾಳ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಅಡಿವೆಯ್ಯ ಆಡಿದ ಒಂದು ಮಾತಿಗೆ ಶಂಕ್ರಪ್ಪನ ಮೀಸೆ ಅಪಾಯಕ್ಕೆ ಸಿಕ್ಕಿತು.

"ನಿನ್ನ ಆಲ್ಬಮ್ ಹಾಡು ನೋಡಿದೆ ಶಂಕ್ರಪ್ಪ. ಹುಡುಗಿ ಮಾರಿ ಕಾಣೂದ್ರಾಗ ಹೂವು, ಹೂವು ಕಾಣೂದ್ರಾಗ ಟ್ರ್ಯಾಕ್ಟರ್. ಕಟ್ ಮ್ಯಾಲ ಕಟ್. ಅದು ಹಾಡೋ, ಪಲ್ಯಾಕ್ಕ ಹೆಚ್ಚಿದ ಬದನಿಕಾಯೋ?"

ಶಂಕ್ರಪ್ಪ ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆಯುವವನು. ಹೆಸರು ಮಾಡಬೇಕೆಂದು ಹಾಡಿನ ಡೈರೆಕ್ಟರ್ ಆದವನು. ಸುತ್ತಿನ ಡೈರೆಕ್ಟರುಗಳಲ್ಲಿ ಒಬ್ಬೊಬ್ಬನದು ಒಂದೊಂದು ಚಟ. ದಾಂಡೇಲಿಯವನಿಗೆ ಡ್ರೋನ್ ಹುಚ್ಚು. ಅವನ ಹಾಡಿನಲ್ಲಿ ನಾಯಕ ನಾಯಕಿ ಇರುವೆಗಳಾಗಿ, ಸೂಪಾ ಡ್ಯಾಮೇ ಹೀರೋ ಆಗುತ್ತದೆ. ರಾಮನಗರದವನು ಎಲ್ಲವನ್ನೂ ಸ್ಲೋಮೋಷನ್ನಿನಲ್ಲಿ ತೆಗೆಯುತ್ತಾನೆ. ಅವನ ನಾಯಕಿ ತಿರುಗಿ ನೋಡುವಷ್ಟರಲ್ಲಿ ಹಾಲು ಮೊಸರಾಗಿರುತ್ತದೆ. ತನಗೆ ಮಾತ್ರ ಸ್ವಂತದ್ದೊಂದು ರೀತಿ ಇಲ್ಲವೆಂಬ ಹುಣ್ಣು ಶಂಕ್ರಪ್ಪನಿಗೆ ಮೊದಲೇ ಇತ್ತು. ಅಡಿವೆಯ್ಯ ಅದನ್ನೇ ಕೆದಕಿದ.

"ಇವತ್ತ ಒಂದು ಹಾಡು ತಗೀತೇನಿ, ಶುರುವಿಂದ ಕಡೀತನಾ ಒಂದೇ ಶಾಟ್. ಅದರಾಗ ಒಂದು ಕಟ್ ಬಿದ್ರೂ ಈ ಮೀಸಿ ಬೋಳಿಸ್ತೇನಿ" ಎಂದುಬಿಟ್ಟ ಶಂಕ್ರಪ್ಪ.

ಅದು ಅಂತಿಂಥ ಮೀಸೆಯಲ್ಲ. ಬಾಗಿಲು ದಾಟುವಾಗ ಮೊದಲು ಅದು ಹೊರಗೆ ಬರುತ್ತಿತ್ತು, ಆಮೇಲೆ ಅವನು. ಅಡಿವೆಯ್ಯ ಇಡೀ ಅಂಗಡಿಯನ್ನು ಸಾಕ್ಷಿ ಮಾಡಿಕೊಂಡ. ಮೇಲಾಗಿ ತನ್ನ ಕಬ್ಬಿನ ಹೊಲವನ್ನೇ ಶೂಟಿಂಗಿಗೆ ಕೊಟ್ಟ. ಹುಟ್ಟಿದಾಗಿನಿಂದ ಅವನು ಇಷ್ಟು ಉದಾರಿಯಾಗಿದ್ದನ್ನು ಯಾರೂ ಕಂಡಿರಲಿಲ್ಲ.

ಹೊಲಕ್ಕೆ ಹೋದರೆ ಬದುವಿನ ಮೇಲೆ ದ್ಯಾಮಪ್ಪನ ಗ್ಯಾಂಗ್ ಕಬ್ಬು ಕಡಿಯಲು ಕೊಯ್ತಾ ಹಿಡಿದು ಕೂತಿತ್ತು. ಫ್ಯಾಕ್ಟರಿಗೆ ಒಯ್ಯುವ ಟ್ರ್ಯಾಕ್ಟರೂ ಬಂದು ನಿಂತಿತ್ತು. ಶೂಟಿಂಗ್ ಮುಗಿಯುವ ತನಕ ಕಾಯಬೇಕೆಂದು ಅಡಿವೆಯ್ಯ ಹೇಳಿದ. ಮುಗಿದದ್ದು ತಿಳಿಯುವುದು ಹೇಗೆ ಎಂದು ದ್ಯಾಮಪ್ಪ ಕೇಳಿದ.

"ಮುಗದ ಕೂಡ್ಲೆ ಅವರು 'ಕಟ್' ಅಂತ ಒದರ್ತಾರ. ಆಗ ಇಳೀರಿ" ಎಂದು ಹೇಳಿ ಅಡಿವೆಯ್ಯ ಮರದ ನೆರಳಿಗೆ ಹೋದ. ದೂರದಲ್ಲಿ ಕ್ಯಾಮೆರಾ ಒರೆಸುತ್ತಿದ್ದ ಶಂಕ್ರಪ್ಪನಿಗೆ ಇದು ಕೇಳಿಸಲೇ ಇಲ್ಲ.

ಹಾಡು, ಕಬ್ಬಿನಲ್ಲಿ ಅಡಗಿ ಭೇಟಿಯಾಗುವ ಪ್ರೇಮಿಗಳದು. ನಾಯಕ ಸಾಗರ, ನಾಯಕಿ ಜ್ಯೋತಿ. ಸ್ಪೀಕರಿನಲ್ಲಿ ಬರುವ ಹಾಡಿಗೆ ಇಬ್ಬರೂ ತುಟಿ ಆಡಿಸಬೇಕು. ಮೊದಲ ಸಲ ಕಬ್ಬಿನ ಗರಿ ಸಾಗರನ ಕೊರಳಿಗೆ ತಾಗಿ ಪ್ರೇಮವೆಲ್ಲ ತುರಿಕೆಯಾಯಿತು. ಎರಡನೆಯ ಸಲ ಪಕ್ಕದ ಹೊಲದ ಕಾಶೆವ್ವ ಬುತ್ತಿ ಹೊತ್ತು ನಡುವೆ ಬಂದು, ಜ್ಯೋತಿ ಯಾರ ಮಗಳು, ಮದುವೆ ಗೊತ್ತಾಗಿದೆಯೇ ಎಂದು ವಿಚಾರಿಸಿದಳು. ಟ್ರ್ಯಾಕ್ಟರಿನ ಡ್ರೈವರ್, ಒಂದು ಡ್ರೋನ್ ಹಾರಿಸಿದರೆ ಚೆಂದ ಎಂದು ಬುದ್ಧಿ ಹೇಳಿ ಬೈಸಿಕೊಂಡ. ಶಂಕ್ರಪ್ಪ ಪ್ರತಿ ಸಲವೂ ಹಲ್ಲು ಕಚ್ಚಿ "ನಿಂದರ್ರಿ" ಎಂದನೇ ಹೊರತು ಆ ಇನ್ನೊಂದು ಮಾತನ್ನು ಬಾಯಿಗೆ ತರಲಿಲ್ಲ. ಇವತ್ತು ಅದು ಅಪಶಕುನ.

ಮೂರನೆಯ ಸಲ ಪಲ್ಲವಿ ಬೆಣ್ಣೆಯಂತೆ ಸಾಗಿತು. ಅಷ್ಟರಲ್ಲಿ ಕಾಶೆವ್ವ, ಹುಡುಗಿ ಬಡಕಲಾಗಿದ್ದಾಳೆಂದು ರೊಟ್ಟಿ ಹಿಡಿದು ಮತ್ತೆ ಕಬ್ಬಿನೊಳಗಿಂದ ಮೂಡಿದಳು. ಮದುವೆ ವಿಡಿಯೋದ ಹಳೆಯ ರೂಢಿ ಸಿಟ್ಟಿನ ಜೊತೆ ಸೇರಿ ಶಂಕ್ರಪ್ಪನ ಗಂಟಲಿನಿಂದ ಹಾರಿತು.

"ಕಟ್!"

ಬೆಳಗಿನಿಂದ ಕಾದು ಬೇಸತ್ತ ಗ್ಯಾಂಗು, ಎಲೆ ಹಾಕಿದ ಕೂಡಲೇ ಪಂಕ್ತಿಗೆ ನುಗ್ಗುವ ಬೀಗರಂತೆ ಹೊಲಕ್ಕಿಳಿಯಿತು. ಕಬ್ಬು ಸರಸರನೆ ಉರುಳತೊಡಗಿತು. ನಿಲ್ಲಿಸಿರೆಂದು ಶಂಕ್ರಪ್ಪ ಕೂಗಿದರೆ ದ್ಯಾಮಪ್ಪ ಬಗ್ಗಿಸಿದ ತಲೆ ಎತ್ತಲಿಲ್ಲ.

"ನೀವ ಕಟ್ ಅಂದ್ರಿ, ಕಟ್ ಮಾಡಾಕತ್ತೇವಿ. ಮಾತಿಗೆ ತಪ್ಪೂ ಮಂದಿ ಅಲ್ರಿ ನಾವು."

ಶಂಕ್ರಪ್ಪನಿಗೆ ಲೆಕ್ಕ ಥಟ್ಟನೆ ಹೊಳೆಯಿತು. ಕಬ್ಬು ಹೋದರೆ ಇನ್ನೊಂದು ಸಲ ತೆಗೆಯಲಾಗದು. ಕ್ಯಾಮೆರಾ ಇನ್ನೂ ಓಡುತ್ತಿತ್ತು.

"ಏ ಸಾಗರ, ನಿಲ್ಲಬ್ಯಾಡ್ರಿ. ಆಕಾಶ ಬಿದ್ರೂ ಹಾಡ್ರಿ."

ಹಾಡಿದರು. ಕೊಯ್ತಾ ಮುಂದೆ ಬಂದಂತೆಲ್ಲ ಪ್ರೇಮಿಗಳು ಹಿಂದೆ ಸರಿದರು. ಕಡೆಯ ಚರಣಕ್ಕೆ ಬಂದಾಗ ಅವರು ಬಟ್ಟಬಯಲಿನಲ್ಲಿ ಕೈ ಹಿಡಿದು ನಿಂತಿದ್ದರು. ಹಿಂದೆ ರೊಟ್ಟಿ ಹಿಡಿದ ಕಾಶೆವ್ವ.

ಸಂಜೆ ಚಹಾದಂಗಡಿಯ ಟೀವಿಯಲ್ಲಿ ಹಾಡು ಹಾಕಿದರು. "ಅಡಗಾಕ ಜಾಗಾನ ಉಳೀಲಿಲ್ಲ ಪಾಪ" ಎಂದು ಕಾಶೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಂಥ ಹಾಡು ದಾಂಡೇಲಿಯವನ ಡ್ರೋನಿಗೂ ಸಿಕ್ಕಿಲ್ಲ ಎಂದರು ಜನ. ಶಂಕ್ರಪ್ಪ ಮೀಸೆಯ ಎರಡೂ ತುದಿ ತಿರುವಿ ಅಡಿವೆಯ್ಯನ ಮುಂದೆ ನಿಂತ.

"ಎಲ್ಲೈತಿ ಕಟ್, ತೋರಿಸು."

ಅಡಿವೆಯ್ಯ ಬಸಿಯಲ್ಲಿ ಉಳಿದ ಚಹಾ ಸೊರ್ರನೆ ಹೀರಿದ.

"ನೀ ಏನಂದಿದ್ದಿ ಶಂಕ್ರಪ್ಪ? 'ಅದರಾಗ ಒಂದು ಕಟ್ ಬಿದ್ರೂ' ಅಂದಿದ್ದಿ. ಇದರಾಗ ನನ್ನ ಹೊಲಕ್ಕ ಹೊಲಾನ ಕಟ್ ಆಗಿ ಬಿದ್ದೈತಿ."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಹಾಗಾದರೆ ಕಬ್ಬು ಕಡಿಯುವ ಭಾಗವನ್ನು ತೆಗೆದುಬಿಡು ಎಂದು ಯಾರೋ ಉಪಾಯ ಹೇಳಿದರು. ತೆಗೆದರೆ ಅದೂ ಕಟ್ಟೇ ಎಂದ ಅಡಿವೆಯ್ಯ.

"ಒಂದು ಎಳೀನೂ ತಗಿಯೂದಿಲ್ಲ" ಎಂದು ಗುಡುಗಿದ ಶಂಕ್ರಪ್ಪ. "ಮೀಸಿ ಮತ್ತ ಬೆಳೀತೈತಿ. ಹಾಡು ಹಿಂಗ ಇರ್ತೈತಿ."

ಯಾರೂ ಎಳೆಯುವ ಮೊದಲೇ ತಾನೇ ಪಕ್ಕದ ಕಟಿಂಗ್ ಅಂಗಡಿಗೆ ನಡೆದು, ಪಟ್ಟದ ಮೇಲೆ ಕೂರುವ ದೊರೆಯಂತೆ ಕುರ್ಚಿಯಲ್ಲಿ ಕೂತ. ಆ ಮೀಸೆ ಕಂಡ ಕ್ಷೌರದವನು, ಮೊದಲು ತುಸು ಕಟ್ ಮಾಡಿ ನೋಡೋಣವೇ ಎಂದು ಅಳುಕುತ್ತಾ ಕೇಳಿದ.

ಶಂಕ್ರಪ್ಪ ಕನ್ನಡಿಯಲ್ಲೇ ಅವನನ್ನು ದುರುಗುಟ್ಟಿ ನೋಡಿದ.

"ಕಟ್‌ಗಿಟ್ ಏನಿಲ್ಲ. ಒಂದೇ ಶಾಟ್‌ನ್ಯಾಗ ಮುಗಸು."